ಮನೆಯಲ್ಲೇ ಹವಳ ಬೆಳೆಸುವ ಆಸೆಯೇ? ಹಣ ಕೊಡುವ ಮುನ್ನ ಗುರುತಿಸುವುದನ್ನು ಕಲಿಯಿರಿ

ಹವಳ ಎಂದ ಕೂಡಲೇ ಬಹುತೇಕರಿಗೆ ನೆನಪಾಗುವುದು ಮಾಂಗಲ್ಯ ಸರದ ಕೆಂಪು ಮಣಿ, ಇಲ್ಲವೇ ಜ್ಯೋತಿಷಿ ಹೇಳಿ ಹಾಕಿಸಿದ ಉಂಗುರ. ಆದರೆ ಮಹಾನಗರಗಳ ಅಕ್ವೇರಿಯಂ ಅಂಗಡಿಗಳಲ್ಲಿ ನೀಲಿ ಬೆಳಕಿನಡಿ ಹಸಿರು, ನೇರಳೆ, ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಜೀವಂತ ಹವಳಗಳೂ ಈಗ ಕಣ್ಸೆಳೆಯುತ್ತಿವೆ. ಸಿಹಿನೀರಿನ ಮೀನು ಸಾಕಿ ಅನುಭವವಿದ್ದವರು ಉಪ್ಪುನೀರಿನ ಪುಟ್ಟ ತೊಟ್ಟಿಯತ್ತ ಹೊರಳುತ್ತಿದ್ದಾರೆ.

ಇಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಎಂದರೆ ಬಣ್ಣ ನೋಡಿ ಕೊಳ್ಳುವುದು. ಯಾವ ಹವಳ ಎಂದು ಗುರುತಿಸದೆ ಮನೆಗೆ ತಂದರೆ ಅದು ಸಾಯಬಹುದು, ಮನೆಯವರ ಆರೋಗ್ಯಕ್ಕೆ ಕುತ್ತು ತರಬಹುದು, ಕಾನೂನಿನ ತೊಡಕಿಗೂ ಸಿಲುಕಿಸಬಹುದು.

ಎಲ್ಲ ಹವಳವನ್ನೂ ಸಾಕುವಂತಿಲ್ಲ

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಗುಂಪು ಅದು. ಸುಣ್ಣದ ಗಟ್ಟಿ ಅಸ್ಥಿಪಂಜರ ಕಟ್ಟಿಕೊಳ್ಳುವವು ಕಲ್ಲು ಹವಳಗಳು. ಅಂಥ ಅಸ್ಥಿಪಂಜರವಿಲ್ಲದೆ ಮೆತ್ತಗಿರುವವನ್ನು ಹವ್ಯಾಸಿಗಳು ಒಟ್ಟಾಗಿ ಮೃದು ಹವಳ ಎನ್ನುತ್ತಾರೆ.

ಭಾರತದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ಎಲ್ಲ ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸಮುದ್ರ ಬೀಸಣಿಗೆಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಲಾಯಿತು. ಹುಲಿ, ಆನೆಗಳಿಗೆ ಸಿಗುವ ರಕ್ಷಣೆಯೇ ಇವಕ್ಕೂ ಇದೆ. 2022ರ ತಿದ್ದುಪಡಿಯ ನಂತರ ಈ ಪರಿಚ್ಛೇದದ ಪ್ರಾಣಿಗಳ ವಿಷಯದ ಅಪರಾಧಕ್ಕೆ 3ರಿಂದ 7 ವರ್ಷ ಜೈಲು ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ಕಡಲತೀರದಲ್ಲಿ ಹೆಕ್ಕಿದ ಸತ್ತ ಹವಳದ ತುಂಡೂ ಇದಕ್ಕೆ ಹೊರತಲ್ಲ.

ವಿದೇಶಿ ವಿಡಿಯೋ ನೋಡಿ ಕಲಿಯುವವರು ಎಡವುವುದು ಇಲ್ಲೇ. ಹ್ಯಾಮರ್, ಟಾರ್ಚ್, ಫ್ರಾಗ್‌ಸ್ಪಾನ್, ಬ್ರೈನ್ ಎಂಬ ಹೆಸರುಗಳು ಆ ವಿಡಿಯೋಗಳ 'ಹೊಸಬರಿಗೆ ಸುಲಭ' ಪಟ್ಟಿಯಲ್ಲಿ ಪದೇ ಪದೇ ಬರುತ್ತವೆ. ಇವೆಲ್ಲವೂ ಕಲ್ಲು ಹವಳಗಳು. ಅಲ್ಲಿನ ಪಟ್ಟಿ ಇಲ್ಲಿಗೆ ಹೊಂದುವುದಿಲ್ಲ.

ಹೊಸಬರಿಗೆ ಹೊಂದುವ ನಾಲ್ಕು ಬಗೆ

ಅಣಬೆ ಹವಳ: ಅಂಗಡಿಯಲ್ಲಿ ಮಶ್ರೂಮ್ ಎಂದೇ ಹೆಸರು. ಬಂಡೆಗೆ ಅಂಟಿದ ಮೆತ್ತನೆಯ ದುಂಡು ತಟ್ಟೆ, ನಡುವೆ ಬಾಯಿ. ಮಂದ ಬೆಳಕು, ನಿಧಾನವಾಗಿ ಹರಿಯುವ ನೀರು ಸಾಕು. ಆರಂಭಿಕರ ತಪ್ಪುಗಳನ್ನು ಅತಿ ಹೆಚ್ಚು ಸಹಿಸಿಕೊಳ್ಳುವುದು ಇದೇ.

ಲೆದರ್ ಕೋರಲ್: ದಪ್ಪ ಕಾಂಡದ ಮೇಲೆ ಕೊಡೆಯಂಥ ತಲೆ, ಅದರ ತುಂಬ ಸಣ್ಣ ಪಾಲಿಪ್‌ಗಳು. ಆಗಾಗ ಕೆಲವು ದಿನ ಮುದುಡಿಕೊಂಡು, ಮೇಣದಂಥ ಪೊರೆ ಕಳಚುತ್ತದೆ. ಸತ್ತೇ ಹೋಯಿತೆಂದು ಎಸೆಯುವವರಿದ್ದಾರೆ. ಇದು ಸಹಜ ಪ್ರಕ್ರಿಯೆ. ನೀರಿನ ಹರಿವು ಚೆನ್ನಾಗಿದ್ದರೆ ಪೊರೆ ಬೇಗ ಕಳಚಿ ಪಾಲಿಪ್‌ಗಳು ಮತ್ತೆ ಅರಳುತ್ತವೆ.

ಗ್ರೀನ್ ಸ್ಟಾರ್ ಪಾಲಿಪ್: ನೇರಳೆ ಬಣ್ಣದ ಚಾಪೆಯ ಮೇಲೆ ಹಸಿರು ಹುಲ್ಲು ಬೆಳೆದಂತೆ ಕಾಣುತ್ತದೆ. ಬಹಳ ವೇಗವಾಗಿ ಹಬ್ಬುತ್ತದೆ. ಮುಖ್ಯ ಬಂಡೆಗೆ ತಾಗಿಸದೆ ಪ್ರತ್ಯೇಕ ಕಲ್ಲಿನ ಮೇಲೆ ಇಡಬೇಕು.

ಜೊವಾಂಥಿಡ್: ಗುಂಡಿಗಳ ಗಾತ್ರದ ಬಣ್ಣಬಣ್ಣದ ಹೂಗಳ ಗೊಂಚಲಿನಂತಿರುತ್ತದೆ. ಪ್ರತಿ ಪಾಲಿಪ್‌ನ ಅಂಚಿನಲ್ಲಿ ರೆಪ್ಪೆಗೂದಲಿನಂಥ ಎಳೆಗಳಿರುತ್ತವೆ. ಸಾಕುವುದು ಸುಲಭ, ಆದರೆ ಎಚ್ಚರ ಬೇಕು.

ಮೋಸಹೋಗುವುದು ಎಲ್ಲಿ?

ಫಂಜಿಯಾ ಎಂಬ ಕಲ್ಲು ಹವಳವೂ ದುಂಡಗಿದ್ದು, ಮೇಲಿನಿಂದ ನೋಡಿದರೆ ಅಣಬೆ ಹವಳದಂತೆ ಕಾಣಬಹುದು. ಅದರ ಮೈಯಡಿ ಚಕ್ರದ ಕಡ್ಡಿಗಳಂತೆ ಹರಡಿದ ಗಟ್ಟಿ ಸುಣ್ಣದ ಏಣುಗಳಿರುತ್ತವೆ. ಆರ್ಗನ್ ಪೈಪ್ ಹವಳದ ಪಾಲಿಪ್‌ಗಳು ಗ್ರೀನ್ ಸ್ಟಾರ್ ಪಾಲಿಪ್‌ ಅನ್ನೇ ಹೋಲುತ್ತವೆ. ಇದರ ಬುಡದಲ್ಲಿ ನೇರಳೆ ಚಾಪೆಯ ಬದಲು ಗಟ್ಟಿಯಾದ ಕೆಂಪು ಕೊಳವೆಗಳಿದ್ದರೆ ಅದು ಸಂರಕ್ಷಿತ ಪ್ರಭೇದ. ಸಮುದ್ರ ಬೀಸಣಿಗೆ ಬಾಗಿ ಬಳುಕಿದರೂ ನಿಷೇಧಿತ ಪಟ್ಟಿಯಲ್ಲೇ ಇದೆ.

ಆದ್ದರಿಂದ ಪಾಲಿಪ್‌ಗಳ ಅಂದಕ್ಕಿಂತ ಬುಡವನ್ನು ಮೊದಲು ನೋಡಿ. ವೈಜ್ಞಾನಿಕ ಹೆಸರು ಮತ್ತು ಹವಳ ಎಲ್ಲಿಂದ ಬಂತು ಎಂಬುದನ್ನು ಬರೆದ ರಸೀದಿ ಕೇಳಿ. ಹೆಸರು ಹೇಳಲು ಅಂಗಡಿಯವರು ಹಿಂಜರಿದರೆ ಖರೀದಿ ಬಿಡುವುದೇ ಒಳಿತು. ಸಮುದ್ರದಿಂದ ಕಿತ್ತು ತಂದ ಬಂಡೆಯಲ್ಲೂ ಕಲ್ಲು ಹವಳ ಅಂಟಿಕೊಂಡಿರಬಹುದು. ಕೃತಕವಾಗಿ ತಯಾರಿಸಿದ ಬಂಡೆಯೇ ಸುರಕ್ಷಿತ.

ಕೈಗವಸು ಮರೆಯಬೇಡಿ

ಜೊವಾಂಥಿಡ್ ಮತ್ತು ಅದರ ಹತ್ತಿರದ ಬಂಧು ಪಾಲಿಥೋವಾಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಉಗ್ರ ವಿಷವನ್ನು ಹೊಂದಿರುತ್ತವೆ. ಹವಾಯಿ ದ್ವೀಪದ ಪಾಲಿಥೋವಾದಿಂದ ಈ ವಿಷವನ್ನು ಬೇರ್ಪಡಿಸಿದ ವರದಿಯನ್ನು ವಿಜ್ಞಾನಿಗಳಾದ ಮೂರ್ ಮತ್ತು ಶೊಯರ್ 1971ರಲ್ಲಿ ಪ್ರಕಟಿಸಿದರು. ಗಾಯವಾದ ಬೆರಳಿನ ಮೂಲಕ, ಕಣ್ಣಿಗೆ ಚಿಮ್ಮಿದ ಹನಿಯ ಮೂಲಕ, ಉಸಿರಿನ ಮೂಲಕವೂ ಇದು ದೇಹ ಸೇರಬಲ್ಲದು.

ತೊಟ್ಟಿಗೆ ಕೈ ಹಾಕುವಾಗ ಕೈಗವಸು, ಹವಳ ಕತ್ತರಿಸುವಾಗ ಕನ್ನಡಕವೂ ಬೇಕು. ಬಂಡೆಗೆ ಅಂಟಿದ ಜೊವಾಂಥಿಡ್ ತೆಗೆಯಲೆಂದು ಅದನ್ನು ಕುದಿಸುವುದು, ಬಿಸಿನೀರು ಸುರಿಯುವುದು, ಬ್ರಷ್‌ನಿಂದ ತಿಕ್ಕುವುದು ಬೇಡವೇ ಬೇಡ. ಹಬೆಯ ಜೊತೆ ವಿಷ ಹರಡಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜೊವಾಂಥಿಡ್ ಬಿಟ್ಟು ಅಣಬೆ ಹವಳದಿಂದ ಆರಂಭಿಸುವುದು ಜಾಣತನ.

ಸಣ್ಣ ತೊಟ್ಟಿ, ದೊಡ್ಡ ಜವಾಬ್ದಾರಿ

ತೊಟ್ಟಿ ಚಿಕ್ಕದಾದರೆ ಕೆಲಸ ಕಡಿಮೆ ಎಂಬುದು ತಪ್ಪು ಕಲ್ಪನೆ. ನೀರು ಕಡಿಮೆಯಿದ್ದಷ್ಟೂ ಏರುಪೇರು ಬೇಗ ಆಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 60 ಲೀಟರ್ ತೊಟ್ಟಿಯಿಂದ 4 ಲೀಟರ್ ಆವಿಯಾದರೆ, ಲೀಟರಿಗೆ 35 ಗ್ರಾಂ ಇದ್ದ ಲವಣಾಂಶ 37.5ಕ್ಕೆ ಏರುತ್ತದೆ. ಹಾಗಾಗಿ ಕಡಿಮೆಯಾದಷ್ಟು ನೀರನ್ನು ಪ್ರತಿದಿನ ತುಂಬಬೇಕು. ಅದೂ ಉಪ್ಪುನೀರಲ್ಲ, ಶುದ್ಧ ಆರ್‌ಒ ನೀರು. ನಲ್ಲಿ ನೀರಿನ ಕ್ಲೋರಿನ್ ಹವಳಕ್ಕೆ ಆಗದು.

ಕಾಯ್ದುಕೊಳ್ಳಬೇಕಾದ ಅಂಕಿಗಳು ಹೀಗಿವೆ:

- ಸಾಪೇಕ್ಷ ಸಾಂದ್ರತೆ 1.025
- ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್
- ಪಿಎಚ್ 8.1ರಿಂದ 8.4
- ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ
- ನೈಟ್ರೇಟ್ 5ರಿಂದ 15 ಪಿಪಿಎಂ

ತೊಟ್ಟಿ ಸಿದ್ಧವಾದ ದಿನವೇ ಹವಳ ಬಿಡುವಂತಿಲ್ಲ. ಅಮೋನಿಯಾವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ ನಿಂತ ಮೇಲೆಯೇ ಮೊದಲ ಹವಳ. ನಂತರ ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಿಸಿದರೆ ಮೃದು ಹವಳಗಳಿಗೆ ಬೇಕಾದ ಖನಿಜಗಳು ಬಹುಪಾಲು ಅದರಲ್ಲೇ ಸಿಗುತ್ತವೆ.

ಬೆಳಕೇ ಊಟ, ಬಿಸಿಯೇ ಶತ್ರು

ಈ ಹವಳಗಳ ದೇಹದೊಳಗೆ ಸೂಕ್ಷ್ಮ ಪಾಚಿಗಳಿರುತ್ತವೆ. ಅವು ಬೆಳಕಿನಿಂದ ತಯಾರಿಸುವ ಆಹಾರವೇ ಹವಳದ ಮುಖ್ಯ ಊಟ. ದಿನಕ್ಕೆ ಸುಮಾರು 8 ತಾಸು ಎಲ್‌ಇಡಿ ಬೆಳಕು ಸಾಕು. ಹೊಸ ಹವಳವನ್ನು ಮೊದಲು ತಳಭಾಗದಲ್ಲಿಟ್ಟು, ಒಂದೆರಡು ವಾರದಲ್ಲಿ ನಿಧಾನವಾಗಿ ಮೇಲೆ ತರಬೇಕು.

ನೀರು ಅತಿಯಾಗಿ ಬಿಸಿಯಾದರೆ ಹವಳ ಈ ಪಾಚಿಗಳನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪ, ಮನ್ನಾರ್ ಕೊಲ್ಲಿಗಳ ಹವಳ ದಿಬ್ಬಗಳಲ್ಲಿ ಬಿಸಿ ವರ್ಷಗಳಲ್ಲಿ ಆಗುವುದೂ ಇದೇ. ಚೆನ್ನೈ, ಹೈದರಾಬಾದ್‌ನ ಮೇ ತಿಂಗಳಲ್ಲಿ ಮುಚ್ಚಿದ ಮನೆಯೊಳಗಿನ ಪುಟ್ಟ ತೊಟ್ಟಿ 30 ಡಿಗ್ರಿ ದಾಟಲು ಹೆಚ್ಚು ಹೊತ್ತು ಬೇಡ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಾಯಿಸಿದರೆ ಎರಡು-ಮೂರು ಡಿಗ್ರಿ ಇಳಿಯಬಹುದು, ಆದರೆ ಆವಿಯಾಗುವಿಕೆ ಹೆಚ್ಚುತ್ತದೆ. ಕರೆಂಟ್ ಹೋಗುವ ಪ್ರದೇಶಗಳಲ್ಲಿ ಬ್ಯಾಟರಿ ಏರ್ ಪಂಪ್ ಕಡ್ಡಾಯವೆಂದೇ ಭಾವಿಸಿ. ಬೇಸಿಗೆಯಲ್ಲಿ ವಾರಗಟ್ಟಲೆ ಊರಿಗೆ ಹೋಗುವ ರೂಢಿಯಿದ್ದರೆ, ತೊಟ್ಟಿ ನೋಡಿಕೊಳ್ಳುವವರು ಯಾರು ಎಂಬುದು ಕೊಳ್ಳುವ ಮುನ್ನವೇ ತೀರ್ಮಾನವಾಗಬೇಕು.

ಹವಳಗಳ ನಡುವೆ ಅಂತರವಿರಲಿ. ಲೆದರ್ ಕೋರಲ್ ನೀರಿಗೆ ರಾಸಾಯನಿಕ ಬಿಟ್ಟು ನೆರೆಯ ಹವಳಗಳ ಬೆಳವಣಿಗೆ ತಡೆಯುತ್ತದೆ. ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಟ್ಟರೆ ಅದು ಹತೋಟಿಗೆ ಬರುತ್ತದೆ.

ಕಲ್ಲು ಹವಳ ನೋಡಲೇಬೇಕೆಂದರೆ

ಅದಕ್ಕೂ ದಾರಿಯಿದೆ. ಉತ್ತರ ಕನ್ನಡದ ಮುರ್ಡೇಶ್ವರದಿಂದ ದೋಣಿಯಲ್ಲಿ ಸಾಗಿದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಅವುಗಳನ್ನು ಅವುಗಳ ಮನೆಯಲ್ಲೇ ನೋಡಬಹುದು, ಮುಟ್ಟದೆ, ಮುರಿಯದೆ. ಊರಿಗೆ ಬಂದಾಗ ಒಮ್ಮೆ ಸಮುದ್ರಕ್ಕಿಳಿದು ಅದನ್ನು ನೋಡಿ, ಮನೆಯ ತೊಟ್ಟಿಯಲ್ಲಿ ಒಂದು ಅಣಬೆ ಹವಳವನ್ನು ಚೆನ್ನಾಗಿ ಬೆಳೆಸಿದರೆ ಈ ಹವ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.