ಖೋಟಾ ನೋಟಿಗೊಂದು ಮುದ್ರೆ

ಶ್ರೀನಿವಾಸಪುರದ ಹಳೆಯ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಅವರ ತಮ್ಮನಿಗೆ ಮೆದುಳಿನಲ್ಲಿ ಗಡ್ಡೆ, ಬೆಂಗಳೂರಿನಲ್ಲಿ ಆಪರೇಷನ್ ಆಗಿದೆ. "ಜೀನ್ ಚಿಕಿತ್ಸೆ ಬಂದಿದೆಯಂತಲ್ಲ, ಮಾವಿನ ತೋಪು ಮಾರಿಬಿಡಲೇನಪ್ಪಾ?" ಎಂದರು. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ಬಿ.ಕಾಂ. ಗುಮಾಸ್ತ. ತೋಪಿನ ಮೇಲೆ ಎಷ್ಟು ಸಾಲ ಸಿಕ್ಕೀತು ಎಂದು ಹೇಳಬಲ್ಲೆ. ಇದಕ್ಕೆ ಮಾತ್ರ ಓದಬೇಕಾಯಿತು. ಏಳನೇ ತರಗತಿಯ ಮೊಮ್ಮಗಳಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ.

ನಮ್ಮ ಜೀವಕೋಶಗಳೊಳಗೆ ಯಾವ ಕೆಲಸ ಮಾಡಬೇಕೆಂಬ ಬರಹವಿದೆ. ಅದೇ ಜೀನ್. ಬರಹ ಕೆಟ್ಟು ಕೋಶಗಳು ಲಂಗುಲಗಾಮಿಲ್ಲದೆ ಹೆಚ್ಚಿದರೆ ಗಡ್ಡೆ. ಮೆದುಳಿನ ಕೆಲವು ಗಡ್ಡೆಗಳು ಗರಿಕೆಯ ಬೇರಿನಂತೆ ಸುತ್ತಲೂ ಹರಡುತ್ತವೆ. ಎಷ್ಟು ಕಿತ್ತರೂ ಎಲ್ಲೋ ಒಂದು ಎಳೆ ಉಳಿಯುತ್ತದೆ.

ಮಕ್ಕಳೇ, ಕೌಂಟರಿಗೆ ಖೋಟಾ ನೋಟು ಬಂದರೆ ನಾವು ಅದರ ಮೇಲೆ ಮುದ್ರೆ ಒತ್ತಿ ವಶಪಡಿಸಿಕೊಳ್ಳುತ್ತಿದ್ದೆವು. 1992ರಲ್ಲಿ ಅಮೆರಿಕದ ಕೆನೆತ್ ಕಲ್ವರ್, ಎಡ್ವರ್ಡ್ ಓಲ್ಡ್‌ಫೀಲ್ಡ್ ಮತ್ತು ಸಂಗಡಿಗರು ಇಲಿಗಳ ಮೆದುಳಿನ ಗಡ್ಡೆಯ ಮೇಲೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಹರ್ಪಿಸ್ ವೈರಸ್ಸಿನ ಒಂದು ಜೀನನ್ನು ನಿರುಪದ್ರವಿ ಮಾಡಿದ ಇನ್ನೊಂದು ವೈರಸ್ಸಿನ ಬೆನ್ನಿಗೆ ಹೊರಿಸಿ ಗಡ್ಡೆಗೆ ಕಳಿಸಿದರು. ಆ ವೈರಸ್ ಒಡೆದು ಎರಡಾಗುವ ಕೋಶಗಳಲ್ಲಷ್ಟೇ ಜೀನನ್ನು ಸೇರಿಸುತ್ತದೆ. ಮೆದುಳಿನ ನರಕೋಶಗಳು ಹಾಗೆ ಒಡೆಯುವುದಿಲ್ಲವಾದ್ದರಿಂದ ಮುದ್ರೆ ಬೀಳುವುದು ಗಡ್ಡೆಗೇ. ಆಮೇಲೆ ಗ್ಯಾನ್‌ಸಿಕ್ಲೋವಿರ್ ಎಂಬ ಔಷಧ. ಮುದ್ರೆ ಬಿದ್ದ ಕೋಶದೊಳಗೆ ಅದು ವಿಷವಾಗುತ್ತದೆ.

ಇಲಿಗಳಲ್ಲಿ ಗಡ್ಡೆ ಕರಗಿತು. ಮನುಷ್ಯರಲ್ಲಿ? 248 ರೋಗಿಗಳ ದೊಡ್ಡ ಪ್ರಯೋಗದ ಫಲಿತಾಂಶ 2000ದಲ್ಲಿ ಬಂತು. ಆಪರೇಷನ್, ವಿಕಿರಣದ ಜೊತೆ ಜೀನ್ ಪಡೆದವರು ಉಳಿದವರಿಗಿಂತ ಹೆಚ್ಚು ದಿನ ಬದುಕಲಿಲ್ಲ. ಮುದ್ರೆ ತಲುಪಿದ್ದು ಕೆಲವೇ ಕೋಶಗಳಿಗೆ. ಕಟ್ಟಿನ ಮೇಲಿನ ನೋಟಿಗಷ್ಟೇ ಒತ್ತಿದರೆ ಏನು ಬಂತು!

ಕೈಬಿಟ್ಟರೆ? ಇಲ್ಲ. ಟೋಕಿಯೊ ವಿಶ್ವವಿದ್ಯಾಲಯದ ಡಾ. ಟೊಮೊಕಿ ಟೋಡೊ ಹರ್ಪಿಸ್ ವೈರಸ್ಸನ್ನೇ ತಿದ್ದಿ, ಅದು ಗಡ್ಡೆಯ ಕೋಶದಲ್ಲಿ ಮಾತ್ರ ಬೆಳೆದು ಅದನ್ನು ಒಡೆಯುವಂತೆ ಮಾಡಿದರು. 2021ರಲ್ಲಿ ಜಪಾನ್ ಅದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತು. ನಮ್ಮ ದೇಶದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ನೆಕ್ಸ್‌ಕಾರ್19, ಐಐಟಿ ಬಾಂಬೆ ಮತ್ತು ಟಾಟಾ ಆಸ್ಪತ್ರೆಯವರದು, ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ. ಗೆಳೆಯರು ವಾಟ್ಸಾಪಿನಲ್ಲಿ ನೋಡಿದ್ದು ಇದನ್ನು!

"ತೋಪು ಮುಟ್ಟಬೇಡಿ" ಎಂದೆ. "ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ. ಹೊಸ ಔಷಧದ ಪ್ರಯೋಗ ಅಂತ ಯಾರಾದರೂ ಹೇಳಿದರೆ, ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಅದರ ನೋಂದಣಿ ಇದೆಯೇ ನೋಡಿ. ಲೆಡ್ಜರಿನಲ್ಲಿ ಇಲ್ಲದ ಖಾತೆಗೆ ದುಡ್ಡು ಕಟ್ಟಬೇಡಿ."

ತಮ್ಮನಿಗೆ ಈಗ ವಿಕಿರಣ ಚಿಕಿತ್ಸೆ ನಡೆದಿದೆ. ಮೊಮ್ಮಗಳದು ಇನ್ನೂ ಒಂದೇ ಪ್ರಶ್ನೆ: "ತಾತ, ಎಲ್ಲಾ ಕೋಶಕ್ಕೂ ಮುದ್ರೆ ಒತ್ತೋದು ಹೇಗೆ?"