ಹಳದಿ ಉರಿಯ ಬೆಲೆ

ಗ್ಯಾಸ್ ಒಲೆಯ ಉರಿ ಹಳದಿಗೆ ತಿರುಗಿದರೆ ನಮ್ಮ ಅಡುಗೆಮನೆಯಲ್ಲಿ ಅದು ರಿಪೇರಿಯ ಸೂಚನೆ. ಪಾತ್ರೆಯ ತಳ ಮಸಿಯಾಗುತ್ತದೆ, ಬರ್ನರ್ ತೆಗೆದು ತೊಳೆಯಬೇಕಾಗುತ್ತದೆ. ಅಮೆರಿಕದಲ್ಲಿ ಜನ ಅದೇ ಹಳದಿ ಉರಿಯನ್ನು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಸೌದೆ ಉರಿಸುತ್ತಿದ್ದ ನಡುಮನೆಯ ಅಗ್ಗಿಷ್ಟಿಕೆಯನ್ನು ಗ್ಯಾಸಿಗೆ ಬದಲಾಯಿಸುವುದು ಅಲ್ಲಿ ಮಾಮೂಲಿ ಕೆಲಸ. ಅಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರಿಗೂ ಈ ಪ್ರಶ್ನೆ ಎದುರಾಗುತ್ತದೆ.

ಸೌದೆ ಬಿಡಲು ಕಾರಣವಿದೆ. ತೆರೆದ ಅಗ್ಗಿಷ್ಟಿಕೆ ನೋಡಲು ಚೆಂದ, ಮನೆ ಕಾಯಿಸಲು ದಂಡ. ಬಿಸಿಗಾಳಿ ಚಿಮಣಿ ಏರಿದಂತೆ ಕೋಣೆಯ ಗಾಳಿಯೂ ಅದರ ಬೆನ್ನು ಹತ್ತುತ್ತದೆ. ಆ ಜಾಗಕ್ಕೆ ಕಿಟಕಿ ಬಾಗಿಲ ಸಂದುಗಳಿಂದ ಚಳಿಗಾಳಿ ನುಗ್ಗುತ್ತದೆ. ಬೆಂಕಿಯ ಮುಂದೆ ಕೂತವರ ಮುಖ ಬೆಚ್ಚಗೆ, ಪಕ್ಕದ ಕೋಣೆ ಮೊದಲಿಗಿಂತ ತಣ್ಣಗೆ. ಸೌದೆಯ ಶಾಖದಲ್ಲಿ ಮನೆಗೆ ದಕ್ಕುವುದು ನೂರಕ್ಕೆ ಹತ್ತರ ಆಸುಪಾಸು ಮಾತ್ರ. ಬೆಂಜಮಿನ್ ಫ್ರಾಂಕ್ಲಿನ್ 1744ರಲ್ಲೇ ಈ ನಷ್ಟದ ಬಗ್ಗೆ ಪುಸ್ತಿಕೆ ಬರೆದು, ತನ್ನದೇ ಹೊಸ ಒಲೆಯನ್ನು ಮುಂದಿಟ್ಟಿದ್ದ. ಜೊತೆಗೆ, ಹಸಿ ಸೌದೆಯ ಹೊಗೆ ಚಿಮಣಿಯ ಒಳಗೋಡೆಗೆ ಡಾಂಬರಿನಂಥ ಕರಿ ಹಚ್ಚುತ್ತದೆ. ಅದಕ್ಕೇ ಬೆಂಕಿ ಹತ್ತಿಕೊಂಡರೆ ಮನೆಗೇ ಅಪಾಯ.

ಅಗ್ಗದ ದಾರಿಯೆಂದರೆ ಹಳೆಯ ಗೂಡಿನಲ್ಲೇ ಬರ್ನರ್ ಇಟ್ಟು, ಮೇಲೆ ಸೆರಾಮಿಕ್ ಕೊರಡುಗಳನ್ನು ಜೋಡಿಸುವುದು. ತೊಗಟೆಯ ಬಿರುಕೂ ಅಸಲಿಯಂತೆಯೇ ಇರುತ್ತದೆ. ಈ ಗ್ಯಾಸಿನ ಮುಖ್ಯ ಅಂಶವಾದ ಮೀಥೇನ್ ಪೂರ್ತಿ ಉರಿಯಲು ತನ್ನ ಗಾತ್ರದ ಸುಮಾರು ಹತ್ತರಷ್ಟು ಗಾಳಿ ಬೇಕು. ಮೊದಲೇ ಸಾಕಷ್ಟು ಗಾಳಿ ಬೆರೆಸಿದರೆ ಉರಿ ನೀಲಿ. ಇಲ್ಲಿ ಬೇಕೆಂದೇ ಕಡಿಮೆ ಬೆರೆಸುತ್ತಾರೆ. ಪೂರ್ತಿ ಉರಿಯದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ. ಮಸಿಯ ಜೊತೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುತ್ತದೆ. ಹಾಗಾಗಿ ಚಿಮಣಿಯ ಬಾಗಿಲು, ಅಂದರೆ ಡ್ಯಾಂಪರ್, ಎಂದೂ ಪೂರ್ತಿ ಮುಚ್ಚದಂತೆ ಅದಕ್ಕೊಂದು ಕ್ಲಾಂಪ್ ಬಿಗಿಯುತ್ತಾರೆ. ಶಾಖ ಮತ್ತೆ ಆಕಾಶದ ಪಾಲು. ನನ್ನ ಪ್ರಕಾರ ಇದು ಒಲೆಯಲ್ಲ, ಶೋಕಿ.

ಚಿಮಣಿಯೇ ಬೇಡವೆನ್ನುವ ಮಾದರಿಯೂ ಇದೆ. ಶಾಖವೆಲ್ಲ ಒಳಗೇ ಉಳಿಯುತ್ತದೆ ನಿಜ, ಹೊಗೆಯಲ್ಲಿದ್ದುದೂ ಒಳಗೇ. ಒಂದು ಘನ ಮೀಟರ್ ಮೀಥೇನ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆ ಸೇರುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಬೇರೆ. ಕೋಣೆಯ ಆಮ್ಲಜನಕ ಶೇಕಡಾ 18ಕ್ಕೆ ಇಳಿಯುವ ಹೊತ್ತಿಗೆ ಗ್ಯಾಸ್ ನಿಲ್ಲಿಸುವ ಸೆನ್ಸರ್ ಇದರಲ್ಲಿರುತ್ತದೆ. ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಈ ಮಾದರಿಗೆ ಅನುಮತಿಯಿಲ್ಲ.

ಖರ್ಚು ಹೆಚ್ಚಾದರೂ ಸರಿಯಾದದ್ದು ಮೂರನೆಯದು: ಗಾಜು ಮುಚ್ಚಿದ ಪೆಟ್ಟಿಗೆಯನ್ನು ಗೂಡಿನೊಳಗೆ ಕೂರಿಸಿ, ಹಳೆಯ ಚಿಮಣಿಯಲ್ಲಿ ಎರಡು ಬಾಗುವ ಲೋಹದ ಕೊಳವೆ ಇಳಿಸುವುದು. ಒಂದರಲ್ಲಿ ಹೊರಗಾಳಿ ಬರುತ್ತದೆ, ಇನ್ನೊಂದರಲ್ಲಿ ಹೊಗೆ ಹೋಗುತ್ತದೆ. ಕೋಣೆಯ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ. ಕೊಳವೆ ಯಾಕೆ, ಚಿಮಣಿ ಇದೆಯಲ್ಲ ಎಂದರೆ, ಸೌದೆಗೆಂದು ಕಟ್ಟಿದ ಅಗಲ ಚಿಮಣಿಯಲ್ಲಿ ಗ್ಯಾಸಿನ ಹೊಗೆ ಬೇಗ ತಣಿದು ನೀರಾಗುತ್ತದೆ. ಆ ಹುಳಿ ನೀರು ಇಟ್ಟಿಗೆಯ ನಡುವಿನ ಗಾರೆಯನ್ನು ತಿನ್ನುತ್ತದೆ.

ಇಷ್ಟೆಲ್ಲದರಲ್ಲಿ ನನಗೆ ಅತಿ ಇಷ್ಟವಾದದ್ದು ಪೆನ್ಸಿಲಿಗಿಂತ ಸಣ್ಣ ಕಡ್ಡಿ, ಥರ್ಮೋಕಪಲ್. ಎರಡು ಬೇರೆ ಲೋಹಗಳ ಬೆಸುಗೆಯ ತುದಿ ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆಯಲ್ಲಿರುತ್ತದೆ. ಬಿಸಿಯಾದ ತುದಿಯಿಂದ ಸುಮಾರು 30 ಮಿಲಿವೋಲ್ಟ್ ಹುಟ್ಟುತ್ತದೆ. ಟಾರ್ಚಿನ ಬಲ್ಬಿಗೂ ಸಾಲದ ಈ ವಿದ್ಯುತ್ತು ಒಂದು ವಿದ್ಯುತ್‌ಕಾಂತಕ್ಕೆ ಸಾಕು. ಗ್ಯಾಸಿನ ಕವಾಟವನ್ನು ತೆರೆದು ಹಿಡಿಯುವುದು ಅದೇ. ಜ್ವಾಲೆ ಆರಿದರೆ ತುದಿ ತಣಿದು ಕವಾಟ ತಾನೇ ಮುಚ್ಚುತ್ತದೆ. ಇದಕ್ಕೆ ಹೊರಗಿನ ಕರೆಂಟೇ ಬೇಡ. ಪೈಲಟ್ ಹಚ್ಚುವಾಗ ಗುಬುಟನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ ಎನ್ನುವುದು ಈ ತುದಿ ಕಾಯಲೆಂದೇ. ಕೈ ಬಿಟ್ಟೊಡನೆ ಜ್ವಾಲೆ ಆರಿಹೋದರೆ ರಿಪೇರಿಯವರು ಮೊದಲು ನೋಡುವುದೂ ಇದನ್ನೇ: ಮಸಿ ಹಿಡಿದಿದೆಯೋ, ಜ್ವಾಲೆಯಿಂದ ಪಕ್ಕಕ್ಕೆ ಸರಿದಿದೆಯೋ ಎಂದು.