ಎಲ್ಲೆಯೂ ವಲಯವೂ: ಮಾಗಡಿ ಸೀಮೆಯ ಒಂದು ವಿವಾದದ ವಿಚಾರ

ಎಲ್ಲೆ, ಮೇರೆ, ಗಡಿ, ಸೀಮೆ ಎಂಬ ಮಾತುಗಳು ನಮ್ಮ ಶಾಸನಗಳನ್ನೂ ಕಾವ್ಯಗಳನ್ನೂ ಓದುವವರಿಗೆ ಚಿರಪರಿಚಿತವಾದುವು. ಇವು ನೆಲದ ಅಂಚನ್ನು ಮಾತ್ರವಲ್ಲದೆ ನಡತೆಯ ಅಂಚನ್ನೂ ಸೂಚಿಸುತ್ತವೆ. ಒಬ್ಬನು ಎಲ್ಲೆ ಮೀರಿದನೆಂದರೆ ಹೊಲದ ಒತ್ತುವರಿಗಿಂತ ಮರ್ಯಾದೆಯ ಲೋಪವೇ ಮೊದಲು ಮನಸ್ಸಿಗೆ ಬರುವುದು. ಆ ‘ಮರ್ಯಾದೆ’ಯೆಂಬ ಸಂಸ್ಕೃತ ಶಬ್ದಕ್ಕೂ ಎಲ್ಲೆಯೆಂಬ ಅರ್ಥವುಂಟಷ್ಟೆ. ಈಚಿನ ಸರ್ಕಾರದ ಕಾಗದಪತ್ರಗಳಲ್ಲಿ ಇವುಗಳೊಡನೆ ‘ವಲಯ’ವೆಂಬ ಇನ್ನೊಂದು ಮಾತು ಬಳಕೆಗೆ ಬಂದಿದೆ. ಇಲ್ಲಿ ಮನೆಗಳು, ಅಲ್ಲಿ ಕಾರ್ಖಾನೆ, ಮತ್ತೊಂದು ಕಡೆ ವ್ಯವಸಾಯ ಮಾತ್ರ, ಕಟ್ಟಡಕ್ಕೆ ಇಷ್ಟೇ ಅಂತಸ್ತು ಎಂದು ನೆಲವನ್ನು ವಿಭಾಗಿಸಿ ಗೊತ್ತುಮಾಡುವುದೇ ವಲಯ ವಿಂಗಡಣೆ. ಈ ಹೊಸ ಎಲ್ಲೆಯ ವಿಷಯವಾಗಿ ಮಾಗಡಿ ಸೀಮೆಯಲ್ಲಿ ಹುಟ್ಟಿದ ವಿವಾದದ ಸ್ವರೂಪವನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇವೆ.

ವಲಯವೆಂಬ ಹೆಸರು ಹೊಸದಾದರೂ ಅದರ ಅರ್ಥ ನಮ್ಮ ಗ್ರಾಮಗಳಿಗೆ ಹೊಸದಲ್ಲ. ಮನೆಗಳಿಗೆ ಗ್ರಾಮಠಾಣ, ದನಗಳಿಗೆ ಗೋಮಾಳ, ನೆರಳಿಗೆ ಗುಂಡುತೋಪು, ನೀರಿಗೆ ಕೆರೆಯಂಗಳ ಎಂದು ಹಿಂದಿನವರು ನೆಲವನ್ನು ಹಂಚಿಟ್ಟಿದ್ದರು. ದತ್ತಿಯ ಶಾಸನಗಳಲ್ಲಿ ಚತುಸ್ಸೀಮೆಯನ್ನು ದಿಕ್ಕುದಿಕ್ಕಿಗೆ ಹೇಳಿ, ಹಳ್ಳ, ಬಂಡೆ, ಮರ, ಹುತ್ತಗಳನ್ನು ಗುರುತಾಗಿ ಕೊಟ್ಟು, ಲಿಂಗಮುದ್ರೆಯ ಇಲ್ಲವೆ ವಾಮನಮುದ್ರೆಯ ಕಲ್ಲುಗಳನ್ನು ನೆಡಿಸುತ್ತಿದ್ದರು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಶಾಸನಗಳೂ ಸೇರಿವೆ. ಅಕ್ಷರ ಬಾರದವನೂ ಕಲ್ಲನ್ನು ಕಂಡು ಎಲ್ಲೆಯನ್ನು ತಿಳಿಯಬಹುದಾಗಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಇದು ಅವಶ್ಯಕ.

ಮಾಗಡಿಗೂ ಬೆಂಗಳೂರಿಗೂ ಇರುವ ಸಂಬಂಧ ಹಳೆಯದು. 1537ರಲ್ಲಿ ಹಿರಿಯ ಕೆಂಪೇಗೌಡನು ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿ, ಒಂದೊಂದು ಕಸುಬಿನವರಿಗೆ ಒಂದೊಂದು ಪೇಟೆಯನ್ನು ಗೊತ್ತುಮಾಡಿದನೆಂದು ಪ್ರಸಿದ್ಧಿಯಿದೆ. ಊರಿನ ಸುತ್ತಲಿನ ನಾಲ್ಕು ಗೋಪುರಗಳು ಪಟ್ಟಣವು ಬೆಳೆಯಬಹುದಾದ ಮೇರೆಯನ್ನು ತೋರಿಸುವುದಕ್ಕಾಗಿ ಹುಟ್ಟಿದುವೆಂದು ಐತಿಹ್ಯ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ತೆಗೆದುಕೊಂಡ ಮೇಲೆ ಗೌಡವಂಶದವರು ಮಾಗಡಿಗೆ ಬಂದು ನೆಲಸಿದರು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನು ಗೆಲ್ಲುವವರೆಗೂ ಅವರ ಆಳಿಕೆ ಅಲ್ಲಿ ನಡೆಯಿತು. ಈಗ ಬೆಂಗಳೂರು ಆ ಗೋಪುರಗಳನ್ನು ದಾಟಿ ಬಹುದೂರ ಹಬ್ಬಿದೆ. ಅದು ಮೈಚಾಚುವುದಕ್ಕೆ ಮುಂಚೆಯೇ ಅದರ ಬಾಯಾರಿಕೆ ಮಾಗಡಿ ಸೀಮೆಯನ್ನು ಮುಟ್ಟಿತ್ತು.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯೂ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯೂ ತಿಪ್ಪಗೊಂಡನಹಳ್ಳಿಯ ಬಳಿ ಕೂಡುತ್ತವೆ. ಈ ಸಂಗಮದಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಅಣೆಯನ್ನು ಕಟ್ಟಿ, ಚಾಮರಾಜಸಾಗರವೆಂದು ಹೆಸರಿಟ್ಟು, 1933ರಲ್ಲಿ ಬಳಕೆಗೆ ತಂದರು. ಜಲಾಶಯಕ್ಕೆ ನೀರನ್ನು ಹರಿಸುವ ಜಲಾನಯನ ಪ್ರದೇಶದ ವಿಸ್ತೀರ್ಣ ಸುಮಾರು 1,453 ಚದರ ಕಿಲೋಮೀಟರು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ನಗರಕ್ಕೆ ಇದು ಮುಖ್ಯ ಆಧಾರವಾಗಿತ್ತು. ಕಾಲಕ್ರಮದಲ್ಲಿ ಮೇಲಣ ಭಾಗದಲ್ಲಿ ಬಡಾವಣೆಗಳೂ ಕಾರ್ಖಾನೆಗಳೂ ಕಲ್ಲುಗಣಿಗಳೂ ಹೆಚ್ಚಿದುವು. ಕೊಳವೆಬಾವಿಗಳಿಂದ ಅಂತರ್ಜಲ ಇಳಿಯಿತು. ಮನೆಗಳು ದಟ್ಟವಾದ ಕಡೆ ಮಳೆಯ ನೀರು ನೆಲಕ್ಕೆ ಇಂಗದು. ಬಚ್ಚಲು ನೀರು ಹಳ್ಳವನ್ನು ಸೇರುವುದು. ಒರತೆಯಡಗಿದ ಹೊಳೆಗೆ ಮಳೆಗಾಲದಲ್ಲಿಯೂ ಹಿಂದಿನ ಹರಿವು ಇರುವುದಿಲ್ಲ.

ಈ ಕಾರಣದಿಂದ ಸರ್ಕಾರವು 2003ರ ನವೆಂಬರ್ ತಿಂಗಳಲ್ಲಿ ಒಂದು ಆಜ್ಞೆಯನ್ನು ಹೊರಡಿಸಿ ಜಲಾನಯನ ಪ್ರದೇಶವನ್ನು 4 ವಲಯಗಳಾಗಿ ವಿಭಾಗಿಸಿತು. ಜಲಾಶಯದ ಅಂಚಿನಿಂದ 2 ಕಿಲೋಮೀಟರಿನೊಳಗೆ ವ್ಯವಸಾಯಕ್ಕೆ ಸಂಬಂಧಪಟ್ಟ ಕೆಲಸಗಳು ಮಾತ್ರ ನಡೆಯತಕ್ಕುದೆಂದೂ, ನದಿಗಳ ದಡದ ವಲಯಗಳಲ್ಲಿ ಹೊಸ ಕಟ್ಟಡಗಳು ನೆಲದ ಅಂತಸ್ತು ಮತ್ತು ಅದರ ಮೇಲಣ ಒಂದು ಅಂತಸ್ತನ್ನು ಮೀರಕೂಡದೆಂದೂ, ಮಳೆನೀರಿನ ಸಂಗ್ರಹಕ್ಕೆ ಏರ್ಪಾಡಿರಬೇಕೆಂದೂ ವಿಧಿಸಿತು. 2012ರಲ್ಲಿ ನಗರಕ್ಕೆ ಈ ಜಲಾಶಯದಿಂದ ನೀರು ಕೊಡುವುದು ನಿಂತಿತು. 2019ರಲ್ಲಿ ಸರ್ಕಾರವೇ ಮೇಲ್ಕಂಡ ಅಂತರಗಳನ್ನು ಕಡಿಮೆಮಾಡಿತು.

ವಿವಾದದ ಎರಡು ಪಕ್ಷಗಳನ್ನೂ ನಿಷ್ಪಕ್ಷಪಾತವಾಗಿ ಹೇಳಬೇಕು. ಹೊಲದ ಒಡೆಯನ ವಾದವಿದು: ನಗರದವರು ಹತ್ತು ಅಂತಸ್ತು ಕಟ್ಟಿಕೊಂಡು, ಅವರ ಕೊಡ ತುಂಬಲೆಂದು ನನ್ನ ಮಗನ ಮನೆಗೆ ಎರಡನೆಯ ಮಹಡಿಯನ್ನು ಬೇಡವೆನ್ನುವುದು ನ್ಯಾಯವೆ? ನೆಲದ ಬೆಲೆ ಇಳಿದುದು ನನಗೆ. ನೀರು ದೊರೆತುದು ಅವರಿಗೆ. ಆ ನೀರನ್ನೂ ಅವರು ಕುಡಿಯದ ಮೇಲೆ ಈ ಕಟ್ಟಳೆ ಏತಕ್ಕೆ? ಇನ್ನೊಂದು ಪಕ್ಷದವರು ಹೀಗೆನ್ನುವರು: ನೀರು ಕೆಟ್ಟುದೇ ಎಲ್ಲೆ ಮೀರಿದುದರಿಂದ, ರೋಗ ಬಲಿತಿತೆಂದು ಪಥ್ಯವನ್ನು ಬಿಡುವುದುಂಟೆ? ಒಮ್ಮೆ ಮನೆಗಳು ತುಂಬಿದ ಬಯಲು ಮತ್ತೆ ಬಯಲಾಗದು. ನಮಗೆ ತೋರುವ ಮಟ್ಟಿಗೆ ಎರಡನೆಯವರ ವಾದ ನೀರಿನ ವಿಷಯದಲ್ಲಿ ಸರಿ. ಮೊದಲಿನವರದು ಭಾರವನ್ನು ಹಂಚುವ ವಿಷಯದಲ್ಲಿ ಸರಿ. ಇವೆರಡನ್ನು ಒಂದೇ ಪ್ರಶ್ನೆಯೆಂದು ಭಾವಿಸಿದುದರಿಂದಲೇ ಜಗಳವು ಬಗೆಹರಿಯದೆ ಬೆಳೆಯಿತು.

ಇಲ್ಲಿ ನ್ಯಾಯಾಲಯದ ಒಂದು ತೀರ್ಪು ಉಪಯುಕ್ತವಾಗಿದೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ವಿಷಯದಲ್ಲಿ ನೆರೆಹೊರೆಯವರು ಹೂಡಿದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1987ರಲ್ಲಿ ಬಿ. ಕೆ. ಶ್ರೀನಿವಾಸನ್ ಮೊಕದ್ದಮೆಯೆಂಬ ಹೆಸರಿನಿಂದ ತೀರ್ಮಾನವಾಯಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಮೇರೆಗೆ ಮಾಡಿದ ಯೋಜನೆಯೂ ನಿಬಂಧನೆಗಳೂ ಗೆಜೆಟ್ಟಿನಲ್ಲಿ ಕ್ರಮವಾಗಿ ಪ್ರಕಟವಾಗಲಿಲ್ಲವಾದುದರಿಂದ ಅವು ತಮ್ಮನ್ನು ಕಟ್ಟಲಾರವೆಂಬುದು ಕಟ್ಟಡದವರ ವಾದ. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು, ಅಧಿಕಾರಿಗಳ ಕೊಠಡಿಯಲ್ಲಿ ಹುಟ್ಟುವ ನಿಬಂಧನೆ ಜನಕ್ಕೆ ತಿಳಿಯುವಂತೆ ಪ್ರಕಟವಾಗಲೇಬೇಕೆಂಬ ತತ್ತ್ವವನ್ನು ಒಪ್ಪಿ, ಈ ಯೋಜನೆ ಕಚೇರಿಯಲ್ಲಿ ಸಾರ್ವಜನಿಕರ ನೋಟಕ್ಕೆ ಇದ್ದುದರಿಂದ ಅದು ಸಿಂಧುವೆಂದೂ, ಉಳಿದ ಲೋಪವನ್ನು ಕಾಯಿದೆಯೇ ಮನ್ನಿಸುವುದೆಂದೂ ಹೇಳಿದರು. ಶಾಸನವನ್ನು ಕಲ್ಲಿನಲ್ಲಿ ಕೊರೆಸಿ ಊರ ನಡುವೆ ನಿಲ್ಲಿಸಿದವರ ಅಭಿಪ್ರಾಯವೂ ಇದೇ ಅಲ್ಲವೆ?

ಮೇಲಿನ ವಿಚಾರದಿಂದ ಇಷ್ಟು ಸಿದ್ಧವಾಗುತ್ತದೆ. ಎಲ್ಲೆಯು ನಿಲ್ಲಬೇಕಾದರೆ ಅದು ಕಣ್ಣಿಗೆ ಕಾಣಬೇಕು, ಅದರ ಕಾರಣ ತಿಳಿದಿರಬೇಕು, ಅದರ ಭಾರವನ್ನು ಫಲಪಡೆಯುವವರೂ ಹೊರಬೇಕು. 2003ರ ವಲಯಗಳನ್ನು ನಕ್ಷೆಯಲ್ಲಿ ಅಳೆದರು, ಕಾರಣವನ್ನೂ ಹೇಳಿದರು, ಮೂರನೆಯದೊಂದು ಮಾತ್ರ ಉಳಿಯಿತು. 2019ರಲ್ಲಿ ಎಲ್ಲೆಯನ್ನು ಹಿಂದಕ್ಕೆ ಸರಿಸುವುದಕ್ಕೆ ಬದಲಾಗಿ ಆ ಲೋಪವನ್ನು ತುಂಬಿದ್ದರೆ, ಹೊಲದವನಿಗೂ ಹೊಳೆಗೂ ಹಿತವಾಗುತ್ತಿತ್ತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಬಂದಿದೆ. ಹೆಸರಿನಲ್ಲಿ ಒಂದಾದ ಮೇಲೆ ನೀರಿನ ಲಾಭದಲ್ಲಿಯೂ ನೀರಿನ ಋಣದಲ್ಲಿಯೂ ಎರಡು ಕಡೆಯವರು ಒಂದಾಗುವುದು ಯುಕ್ತವೆಂದು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ.